ಓದಕ್ಕನ ಸ್ಟೂಲು

ಕೋರ್ಟಿನ ಕಾಂಪೌಂಡು ಗೋಡೆಗೆ ಬೆನ್ನು ಕೊಟ್ಟು, ತಗಡಿನ ಚಾವಣಿಯ ಕೆಳಗೆ ಐದು ಟೇಬಲ್ಲುಗಳಿವೆ. ಐದರಲ್ಲೂ ಟೈಪು ಮಾಡುವವರು. ದೂರು, ಅರ್ಜಿ, ಪ್ರಮಾಣಪತ್ರ, ಬಾಡಿಗೆ ಕರಾರು, ಏನು ಬೇಕೋ ಹೇಳಿ, ಬಿಸಿಬಿಸಿಯಾಗಿ ಇಳಿಸಿಕೊಡುತ್ತಾರೆ. ನಾಲ್ಕು ಟೇಬಲ್ಲುಗಳ ಮುಂದೆ ಜನ ನಿಂತ ಕಾಲಲ್ಲೇ ಕೆಲಸ ಮುಗಿಸಿಕೊಂಡು ಹೋಗುತ್ತಾರೆ. ಮೂರನೆಯದರ ಮುಂದೆ ಮಾತ್ರ ಒಂದು ಮರದ ಸ್ಟೂಲು ಇದೆ. ಒಂದು ಕಾಲು ಸ್ವಲ್ಪ ಗಿಡ್ಡ, ಅದಕ್ಕೆ ರಟ್ಟಿನ ಚೂರು ಮಡಚಿ ಕೊಟ್ಟಿದೆ. ಅದು ಓದಕ್ಕನ ಟೇಬಲ್ಲು.

ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಅದು ಲೈಸೆನ್ಸಿನ ಮೇಲೆ ಧೂಳು ತಿನ್ನುತ್ತಾ ಕೂತಿದೆ, ಯಾರೂ ಬಳಸುವುದಿಲ್ಲ. ವಕೀಲರಿಂದ ಹಿಡಿದು ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್‌ವರೆಗೆ ಎಲ್ಲರ ಬಾಯಲ್ಲೂ ಅವಳು ಓದಕ್ಕನೇ. ಮೊದಲು ಗೇಲಿಗೆ ಹುಟ್ಟಿದ ಹೆಸರು ಅದು. ಗೇಲಿ ಯಾವಾಗ ಕಳಚಿ ಬಿತ್ತು ಎಂದು ಇಟ್ಟವರಿಗೂ ನೆನಪಿಲ್ಲ.

ಅವಳ ಪದ್ಧತಿಯೇ ಹಾಗಿತ್ತು. ಕಾಗದ ತಯಾರಾದ ಕೂಡಲೇ ಸಹಿಗೆ ಕೊಡುವ ಪೈಕಿ ಅವಳಲ್ಲ. ಆ ಕಾಗದದಲ್ಲಿ ಯಾರ ಯಾರ ಬಾಯಿಂದ ಮಾತು ಬಂದಿದೆ ಎಂದು ಬರೆದಿದೆಯೋ, ಅವರು ಒಬ್ಬೊಬ್ಬರಾಗಿ ಸ್ಟೂಲಿನ ಮೇಲೆ ಕೂತು ಹೌದು ಎನ್ನಬೇಕು. ಅವರು ತಮ್ಮ ಮಾತು ಹೇಳುವಾಗ ಜೊತೆಗೆ ಬಂದವರು ಅತ್ತ ನೀರಿನ ನಲ್ಲಿಯ ಹತ್ತಿರ ಹೋಗಿ ನಿಲ್ಲಬೇಕು. ಟೈಪು ಆದ ಮೇಲೆ ಎಲ್ಲರನ್ನೂ ಕರೆದು, ಸಾಲಿನ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ ಓದುತ್ತಾಳೆ. ಓದುವಾಗ ಯಾರೂ ಬಾಯಿ ಹಾಕುವ ಹಾಗಿಲ್ಲ. "ಹೇಳೋವಾಗ ಒಬ್ರೇ, ಓದೋವಾಗ ಎಲ್ರೂ," ಎನ್ನುವುದು ಅವಳ ಕಾನೂನು. ಯಾವ ಶಾಸನಸಭೆಯೂ ಪಾಸು ಮಾಡಿದ್ದಲ್ಲ, ಆದರೂ ನಡೆಯುತ್ತಿತ್ತು.

ಪಕ್ಕದ ನಾಲ್ಕನೇ ಟೇಬಲ್ಲಿನವನಿಗೆ ಇದು ಹುಚ್ಚಾಟವಾಗಿ ಕಾಣುತ್ತಿತ್ತು. ಅವನ ಬೆರಳು ಕೀಲಿಗಳ ಮೇಲೆ ಓಡುವ ವೇಗಕ್ಕೆ ಮಿಂಚಣ್ಣ ಎಂದು ಹೆಸರು. ಅವನು ಹತ್ತು ಜನರನ್ನು ಸಾಗಹಾಕುವಷ್ಟರಲ್ಲಿ ಓದಕ್ಕ ನಾಲ್ಕನೆಯವರ ಮುಂದೆ ಬೆರಳಿಟ್ಟು ಓದುತ್ತಿರುತ್ತಿದ್ದಳು.

"ಅಕ್ಕಾ, ನಾವು ಟೈಪಿಸ್ಟು. ಪುರಾಣ ಓದೋರಲ್ಲ," ಎನ್ನುತ್ತಿದ್ದ.

"ಪುರಾಣ ಕೇಳಿದೋರಿಗೆ ಪುಣ್ಯ ಬರತ್ತೆ. ನಿನ್ನ ಕಾಗದದಿಂದ ಏನು ಬರತ್ತೋ ಮೊದಲು ನೋಡ್ಕೋ," ಎಂದು ಅವಳೂ ಬಿಡುತ್ತಿರಲಿಲ್ಲ.

ಆ ಸಾಲಿನಲ್ಲಿ ಅವಳಿಗಿದ್ದ ಇನ್ನೊಂದು ತಲೆನೋವು ಸ್ಟೂಲಿನದೇ. ಮಧ್ಯಾಹ್ನ ಊಟ ಮುಗಿಸಿ ಬಂದರೆ ಅದು ಇಟ್ಟ ಜಾಗದಲ್ಲಿ ಇರುತ್ತಿರಲಿಲ್ಲ. ಒಂದು ದಿನ ಮಿಂಚಣ್ಣನ ಟೇಬಲ್ಲಿನ ಮುಂದೆ, ಒಂದು ದಿನ ಐದನೆಯವನ ಹತ್ತಿರ, ಇನ್ನೊಂದು ದಿನ ಒಂದನೆಯವನ ಪ್ರಿಂಟರಿನ ಪಕ್ಕ. "ನಿಮ್ಮ ಡಬ್ಬಿ ಇಟ್ಕೊಂಡು ತಿನ್ನೋಕೆ ನನ್ನ ಸ್ಟೂಲೇ ಬೇಕಾ? ದರಿದ್ರದೋರಾ," ಎಂದು ಬೈದುಕೊಂಡು ಎತ್ತಿ ತರುವುದು ದಿನದ ಕೆಲಸವಾಗಿತ್ತು. ಅವರು ನಗುತ್ತಿದ್ದರೇ ಹೊರತು ಉತ್ತರ ಕೊಡುತ್ತಿರಲಿಲ್ಲ.

ಅವಳು ಹುಟ್ಟಾ ಹೀಗಿರಲಿಲ್ಲ, ಅದನ್ನೂ ಹೇಳಬೇಕು. ಇಪ್ಪತ್ತಮೂರನೇ ವಯಸ್ಸಿಗೆ ಈ ಟೇಬಲ್ಲಿಗೆ ಬಂದು ಕೂತಾಗ ಅವಳ ವೇಗದ ಮುಂದೆ ಈಗಿನ ಮಿಂಚಣ್ಣ ಆಮೆ. ಆಗ ಕಂಪ್ಯೂಟರೆಲ್ಲಿ? ಮೂರು ಕಾರ್ಬನ್ನು ಹಾಕಿ ಕುಟ್ಟಬೇಕು. ಪ್ರತಿಯೊಬ್ಬ ಟೈಪಿಸ್ಟಿನ ಡ್ರಾಯರಿನಲ್ಲೂ ಒಂದು ನಮೂನೆ ಫೈಲು. ಕಳ್ಳತನಕ್ಕೆ ಒಂದು ನಮೂನೆ, ಹೊಡೆದಾಟಕ್ಕೆ ಒಂದು, ಮಗಳು ಯಾರ ಜೊತೆಗೋ ಹೋದಳು ಎಂದು ಬರುವ ಅಪ್ಪಂದಿರಿಗೆ ಒಂದು. ಹೆಸರು, ವಯಸ್ಸು, ತಾರೀಕು ಬದಲಾಯಿಸಿದರೆ ದೂರು ಸಿದ್ಧ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರ ಸಾಲು ಅದು, ಅವಳು ಅದರಲ್ಲಿ ಮೊದಲನೆಯವಳು.

ಆ ಅಪ್ಪಂದಿರ ನಮೂನೆಯಲ್ಲಿ ಎರಡು ಸಾಲು ಅವಳಿಗೆ ಬಾಯಿಪಾಠವಾಗಿತ್ತು. "ಸದರಿ ಆರೋಪಿಯು ನನ್ನ ಅಪ್ರಾಪ್ತ ಮಗಳಿಗೆ ಇಲ್ಲಸಲ್ಲದ ಆಸೆ ತೋರಿಸಿ, ನಂಬಿಸಿ, ಪುಸಲಾಯಿಸಿ, ನನ್ನ ವಶದಿಂದ ಕರೆದುಕೊಂಡು ಹೋಗಿರುತ್ತಾನೆ. ಈ ವಿಷಯವನ್ನು ನನ್ನ ಮಗಳು ಅಳುತ್ತಾ ನನಗೆ ತಿಳಿಸಿರುತ್ತಾಳೆ." ಎಷ್ಟು ಹೆಣ್ಣುಮಕ್ಕಳು ಹೀಗೆ ನಮೂನೆಯಲ್ಲೇ ಅತ್ತರೋ ಲೆಕ್ಕವಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ತಂದೆ ಹಾಗೆ ಬಂದ. ಮಗಳಿಗೆ ಹದಿನೇಳೂವರೆ. ಒಬ್ಬ ವೆಲ್ಡರ್ ಹುಡುಗನ ಜೊತೆ ಹೋಗಿದ್ದಳು, ಹುಡುಕಿ ತಂದಿದ್ದರು. ಹುಡುಗಿ ಟೇಬಲ್ಲಿನ ಪಕ್ಕದಲ್ಲೇ ತಲೆ ಬಗ್ಗಿಸಿ ನಿಂತಿದ್ದಳು. ಅವಳನ್ನು ಒಂದು ಮಾತು ಕೇಳಬೇಕು ಎಂದು ಆಗ ಯಾರಿಗೂ ಹೊಳೆಯಲಿಲ್ಲ. ತಂದೆ ಹೇಳಿದ, ಇವಳು ಕುಟ್ಟಿದಳು. ಕಾಲು ಗಂಟೆಯ ಕೆಲಸ.

ವರ್ಷಗಳು ಕಳೆದವು. ಒಂದು ಬೆಳಗ್ಗೆ ಒಬ್ಬ ಯುವತಿ ಬಂದು ಟೇಬಲ್ಲಿನ ಮೇಲೆ ಒಂದು ನಕಲು ಪ್ರತಿ ಇಟ್ಟಳು. ಆ ಹುಡುಗಿಯೇ. ಅವಳನ್ನು ಹದಿನೆಂಟು ತುಂಬುವವರೆಗೆ ಸರ್ಕಾರಿ ಬಾಲಮಂದಿರದಲ್ಲಿ ಇಟ್ಟಿದ್ದರಂತೆ. ಹುಡುಗ ಜೈಲಿನಲ್ಲಿದ್ದ, ಇನ್ನೂ ಇದ್ದ. ಯುವತಿ ಕೂಗಾಡಲಿಲ್ಲ. "ಅಳುತ್ತಾ ತಿಳಿಸಿರುತ್ತಾಳೆ" ಎಂಬ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು.

"ಅಕ್ಕಾ, ಇದನ್ನ ನಾನು ಯಾವಾಗ ಹೇಳ್ದೆ?"

ಓದಕ್ಕ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಯುವತಿ ಕಾಗದವನ್ನು ಅಲ್ಲೇ ಬಿಟ್ಟು ಹೋದಳು. ಮತ್ತೆ ಬರಲಿಲ್ಲ. ಆ ಸಂಜೆ ಓದಕ್ಕ ಬಸ್ಸಿನಲ್ಲಿ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅತ್ತಳು, ಇಳಿಯುವ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದಳು. ಮರುದಿನ ಮನೆಯಿಂದ ಒಂದು ಸ್ಟೂಲು ಹೊತ್ತು ತಂದು ಟೇಬಲ್ಲಿನ ಮುಂದೆ ಇಟ್ಟಳು. ಆ ಕಾಗದ ಇವತ್ತಿಗೂ ಹಳೇ ಟೈಪ್‌ರೈಟರಿನ ಪೆಟ್ಟಿಗೆಯ ಮುಚ್ಚಳದೊಳಗೆ ಅಂಟಿಕೊಂಡಿದೆ.

ಹಾಗೆಂದು ಅವಳಿಗೆ ಕಾನೂನಿನ ಮೇಲೆ ಸಿಟ್ಟಿರಲಿಲ್ಲ. ಹದಿನೆಂಟಾಗದವರ 'ಹೂಂ' ಲೆಕ್ಕಕ್ಕಿಲ್ಲ ಎನ್ನುತ್ತದೆ ಕಾನೂನು. ಅವರು "ನಾನಾಗೇ ಹೋದೆ" ಎಂದರೂ, ಹೆತ್ತವರ ಒಪ್ಪಿಗೆಯಿಲ್ಲದೆ ಕರೆದುಕೊಂಡು ಹೋದವನು ಅಪರಾಧಿಯೇ. ಅದು ಯಾಕೆ ಬೇಕು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮನೆಪಾಠ ಹೇಳುವ ಐವತ್ತು ವರ್ಷದ ಗಂಡಸೊಬ್ಬ ಹದಿಮೂರರ ಮಗುವನ್ನು ಕಾಡಿ, ಕೊನೆಗೆ "ಅವಳೂ ಬೇಡ ಅನ್ನಲಿಲ್ಲ" ಎಂದು ಜಾರಿಕೊಳ್ಳಲು ನೋಡಿದ್ದ. ಆ ಮಗುವಿನ ಮಾತನ್ನು ಟೈಪು ಮಾಡಿದವಳು ಇವಳೇ. ಮಗು ನಡುವೆ ನಿಲ್ಲಿಸಿದಾಗಲೆಲ್ಲ ಇವಳೂ ನಿಲ್ಲಿಸಿ, ನೀರು ಕೊಟ್ಟು, ಎರಡು ಪುಟಕ್ಕೆ ಅರ್ಧ ದಿನ ತೆಗೆದುಕೊಂಡಿದ್ದಳು. ಒಂದು ಅಕ್ಷರವೂ ಮಗುವಿನದಲ್ಲದ್ದು ಇರಲಿಲ್ಲ, ಹಾಗಾಗಿ ಎದುರು ವಕೀಲ ಎಷ್ಟು ಎಳೆದರೂ ಒಂದು ಅಕ್ಷರವೂ ಅಲುಗಲಿಲ್ಲ. ಓದಕ್ಕನ ಕಾಗದ ಎಂದರೆ ಠಾಣೆಯವರು ಎದ್ದು ತೆಗೆದುಕೊಳ್ಳಲು ಶುರು ಮಾಡಿದ್ದು ಆಮೇಲೆಯೇ. ಮಕ್ಕಳನ್ನು ಕಾಯಲು ಕಟ್ಟಿದ ಬೇಲಿ ಅದು ಎಂದು ಅವಳು ನಂಬಿದ್ದಳು. ಆದರೆ ಅದೇ ಬೇಲಿಯಿಂದ ಒಂದು ಗೂಟ ಕಿತ್ತುಕೊಂಡು ಪಕ್ಕದ ಮನೆಯ ಹುಡುಗನ ತಲೆಗೆ ಹೊಡೆಯುವ ಅಪ್ಪಂದಿರನ್ನೂ ಅವಳು ವಾರಕ್ಕೊಬ್ಬರಂತೆ ನೋಡುತ್ತಿದ್ದಳು.

ಆ ವಾರದ ಅಪ್ಪ ಅವಳ ಅಳಿಯನೇ ಆಗಿದ್ದ.

ಅಳಿಯ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಒಳ್ಳೆಯವನು, ಕೆಟ್ಟ ಚಟ ಒಂದೂ ಇಲ್ಲ, ಮಗಳು ಎಂದರೆ ಪ್ರಾಣ. ಆದರೆ ಇಪ್ಪತ್ತು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗಿನ ಎರಡನೇ ಬ್ರೇಕನ್ನು ಒತ್ತಿ ಒತ್ತಿ, ಮನೆಯಲ್ಲೂ ಅವನ ಕಾಲು ಬ್ರೇಕಿನ ಮೇಲೇ ಇರುತ್ತಿತ್ತು. ಹದಿನೆಂಟಕ್ಕೆ ಒಂದು ದಿನ ಕಡಿಮೆ ಇದ್ದವರಿಗೂ ಸ್ಟೇರಿಂಗ್ ಮುಟ್ಟಿಸದ ಮನುಷ್ಯ. ಮಗಳಿಗೆ ಹದಿನಾರೂವರೆ.

ಬೆಳಗ್ಗೆ ಎಂಟಕ್ಕೆ ಓದಕ್ಕನ ಮಗಳು ಫೋನು ಮಾಡಿದ್ದಳು. "ಅಮ್ಮಾ, ಇವ್ರು ನಿನ್ ಹತ್ರಾನೇ ಬರ್ತಿದಾರೆ. ದೂರು ಬರೆಸ್ತಾರಂತೆ. ನಾನೂ ಬರ್ತಿದೀನಿ. ಏನಾದ್ರೂ ಮಾಡಮ್ಮ."

"ನಾನೇನು ಮಾಡ್ಲಿ? ಟೈಪ್ ಮಾಡ್ತೀನಿ," ಎಂದಳು ಓದಕ್ಕ.

ಹತ್ತೂಕಾಲಿಗೆ ಬಂದರು. ಅಳಿಯ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಮುಖ ಮಾತ್ರ ಮುದುಡಿದ ಬಟ್ಟೆಯ ಹಾಗಿತ್ತು. ಓದಕ್ಕನ ಮಗಳೂ ಮೊಮ್ಮಗಳೂ ಹೇಳುವ ಮೊದಲೇ ನೀರಿನ ನಲ್ಲಿಯ ಹತ್ತಿರ ಹೋಗಿ ನಿಂತರು. ಆ ಮನೆಯಲ್ಲಿ ಅಜ್ಜಿಯ ಕಾನೂನು ಎಲ್ಲರಿಗೂ ಗೊತ್ತು.

"ಅತ್ತೆ, ನೀವು ಬರೆದ್ರೆ ಠಾಣೆಲಿ ತಕರಾರಿಲ್ದೆ ತಗೋತಾರೆ. ಅದಕ್ಕೇ ಬಂದೆ," ಎಂದ ಅಳಿಯ. "ಆ ಹುಡುಗನ್ನ ಒಳಗೆ ಹಾಕಿಸ್ಬೇಕು."

"ಏನಾಯ್ತು ಹೇಳಿ."

ಅವನು ಹೇಳಿದ. ಮೊನ್ನೆ ಭಾನುವಾರ ಮಗಳು ಟ್ಯೂಷನ್ನಿಗೆ ಎಂದು ಹೋದವಳು ಟ್ಯೂಷನ್ನಿಗೆ ಹೋಗಿಲ್ಲ. ಹಿಂದಿನ ರಸ್ತೆಯ ಫಿಟ್ಟರ್ ಹುಡುಗನ ಜೊತೆ ಬಸ್ಸು ಹತ್ತಿ ಅರವತ್ತು ಕಿಲೋಮೀಟರು ದೂರದ ಊರಿಗೆ ಹೋಗಿದ್ದಾಳೆ. ಫೋನು ಆಫ್. ಐದಕ್ಕೆ ಬರಬೇಕಾದವಳು ಬಂದದ್ದು ಏಳೂವರೆಗೆ. ಆ ಎರಡೂವರೆ ಗಂಟೆ ಅವನು ಆಸ್ಪತ್ರೆ, ಬಸ್‌ಸ್ಟ್ಯಾಂಡು, ರೈಲು ಹಳಿ ಎಲ್ಲ ಸುತ್ತಿದ್ದಾನೆ. ರೈಲು ಹಳಿ ಎನ್ನುವಾಗ ಅವನ ದನಿ ಒಡೆಯಿತು. ಓದಕ್ಕನಿಗೆ ಅಳಿಯನನ್ನು ನೋಡಿ ಪಾಪ ಎನಿಸಿತು. ಇದು ಸುಳ್ಳು ಸಂಕಟವಲ್ಲ.

"ಹುಡುಗನ ವಯಸ್ಸು?"

"ಹದಿನೆಂಟು ತುಂಬಿ ಮೂರು ತಿಂಗಳು. ವಿಚಾರಿಸ್ಕೊಂಡೇ ಬಂದಿದೀನಿ. ನಂಬಿಸಿ, ಪುಸಲಾಯಿಸಿ ಅಂತ ಹಾಕಿ ಅತ್ತೆ. ಆ ಮಾತಿದ್ರೆ ಕೇಸು ಬಿಗಿಯಾಗತ್ತಂತೆ. ಮಗಳು ಅತ್ತು ಹೇಳಿದ್ಲು ಅಂತ್ಲೂ ಇರ್ಲಿ."

ಇಪ್ಪತ್ತೆರಡು ವರ್ಷ ಕಳೆದರೂ ಆ ಎರಡು ಸಾಲು ಸತ್ತಿರಲಿಲ್ಲ. ಯಾವುದೋ ಬಾಯಿಂದ ಯಾವುದೋ ಬಾಯಿಗೆ ಹೋಗಿ, ಸುತ್ತಿ ಬಳಸಿ, ಅವಳ ಮನೆಯೊಳಗೇ ಬಂದಿದ್ದವು. ಎದ್ದು ಕಂಪ್ಯೂಟರಿನ ವೈರು ಕಿತ್ತು ಹಾಕಿ ಮನೆಗೆ ಹೋಗಿಬಿಡೋಣ ಎನಿಸಿತು. ಹೋಗಲಿಲ್ಲ. ತನ್ನ ಮೊಮ್ಮಗಳು ಎಂದು ಪದ್ಧತಿ ಬಿಟ್ಟರೆ, ಇಷ್ಟು ವರ್ಷ ಬೇರೆಯವರ ಮಕ್ಕಳನ್ನು ಆ ಸ್ಟೂಲಿನ ಮೇಲೆ ಕೂರಿಸಿದ್ದಕ್ಕೆ ಅರ್ಥವೇನು?

"ನಿಮ್ಮ ಮಾತು ಆಯ್ತಲ್ಲ. ಈಗ ನೀವು ನಲ್ಲಿ ಹತ್ರ ಹೋಗಿ. ಅವಳನ್ನ ಕಳಿಸಿ," ಎಂದಳು.

ಮೊಮ್ಮಗಳು ಬಂದು ಕೂತಳು. ಹುಟ್ಟಿದಾಗ ಅಂಗೈಯಷ್ಟಿದ್ದ ಮುಖ. ಓದಕ್ಕ ಕನ್ನಡಕ ಏರಿಸಿಕೊಂಡು, ಅಪರಿಚಿತರನ್ನು ಕೇಳುವ ಹಾಗೆಯೇ ಕೇಳಿದಳು.

"ನಡೆದಿದ್ದು ಹೇಳು. ನಡೀದೇ ಇದ್ದಿದ್ದು ಬೇಡ."

ಹುಡುಗಿ ಹೇಳಿದಳು. ಅವನು ಶಾಲೆಯಲ್ಲಿ ಎರಡು ತರಗತಿ ಮುಂದಿದ್ದವನು. ಇಷ್ಟ, ಒಂದು ವರ್ಷದಿಂದ. ಭಾನುವಾರ ಅವನಿಗೆ ದೊಡ್ಡ ಕಾರ್ಖಾನೆಯಲ್ಲಿ ಕೆಲಸದ ಪರೀಕ್ಷೆ. ಹಿಂದೆ ಎರಡು ಸಲ ಹೆದರಿ ಬಾಗಿಲಿಂದಲೇ ವಾಪಸ್ಸು ಬಂದಿದ್ದ. ಧೈರ್ಯಕ್ಕೆ ತಾನೂ ಬರುತ್ತೇನೆ ಎಂದು ಇವಳೇ ಹೇಳಿದ್ದು. ಅವನು ಮೂರು ಸಲ ಬೇಡ ಎಂದನಂತೆ. ಅವನು ಪರೀಕ್ಷೆ ಬರೆಯುವಾಗ ಇವಳು ಕಾರ್ಖಾನೆ ಗೇಟಿನ ಎದುರಿನ ಬೆಂಚಿನಲ್ಲಿ ಮೂರು ಗಂಟೆ ಕೂತು ವಿಜ್ಞಾನದ ಪಾಠ ಓದಿದಳು. ಬರುವಾಗ ಬಸ್ಸಿನ ಟೈರು ಸಿಡಿಯಿತು. ಫೋನಿನ ಚಾರ್ಜು ಮುಗಿದಿತ್ತು.

"ಟ್ಯೂಷನ್ ಅಂತ ಸುಳ್ಳು ಹೇಳಿದ್ದು?"

ಹುಡುಗಿ ತಲೆ ತಗ್ಗಿಸಿದಳು. "ಅಜ್ಜಿ, ಅದನ್ನ ಬರೀಬೇಡಿ."

"ಹೇಳಿದ್ಯೋ ಇಲ್ವೋ?"

"ಹೇಳ್ದೆ."

"ಹಾಗಾದ್ರೆ ಇರತ್ತೆ." ಕೀಲಿಗಳು ಟಕಟಕ ಎಂದವು. "ನಿನ್ನ ಸುಳ್ಳಿಂದ ನಿಮ್ಮಪ್ಪ ರೈಲು ಹಳಿ ಮೇಲೆ ಟಾರ್ಚ್ ಹಿಡ್ಕೊಂಡು ನಡೆದಿದಾರೆ. ಅದು ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ಹುಡುಗಿಯ ಕಣ್ಣು ಆಗ ತುಂಬಿತು. ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದ್ದಕ್ಕೆ, ಹೋದ ವರ್ಷ ನಿಜ ಹೇಳಿದ್ದೆ ಎಂದಳು. ಅವನು ನನ್ನ ಸ್ನೇಹಿತ ಎಂದಿದ್ದಕ್ಕೆ ಅಪ್ಪ ಎರಡು ತಿಂಗಳು ಮಾತು ಬಿಟ್ಟಿದ್ದರು, ಇನ್ನೊಂದು ಸಲ ಆ ಮೌನ ತಡೆಯಲು ಆಗುತ್ತಿರಲಿಲ್ಲ ಎಂದಳು. ಓದಕ್ಕ ಅದನ್ನೂ ಟೈಪು ಮಾಡಿದಳು. ಮೊಮ್ಮಗಳ ಪರವಾಗಿ ಒಂದು ಪದ ಮೆತ್ತಗೆ ಮಾಡಲಿಲ್ಲ, ಅಳಿಯನ ಪರವಾಗಿ ಒಂದು ಪದ ಖಾರ ಮಾಡಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಡೆದದ್ದನ್ನಷ್ಟೇ ಎಳೆದು ಕಾಗದದ ಮೇಲಿಟ್ಟಳು. ಅಂಥ ಕೈಗೆ ನಮಸ್ಕಾರ ಮಾಡಬೇಕು. ಅದು ನಮ್ಮ ನಿಮ್ಮ ಕೈಯಲ್ಲಿ ಆಗುವ ಕೆಲಸವಲ್ಲ.

ಎಲ್ಲರನ್ನೂ ಕರೆದಳು. ಮೊದಲು ತಂದೆಯ ಮಾತು, ಆಮೇಲೆ ಮಗಳ ಮಾತು, ಬೆರಳಿಟ್ಟು ಓದಿದಳು. ರೈಲು ಹಳಿಯ ಸಾಲು ಬಂದಾಗ ಮಗಳು ಅಪ್ಪನನ್ನು ನೋಡಿದಳು. ಎರಡು ತಿಂಗಳ ಮೌನದ ಸಾಲು ಬಂದಾಗ ಅಪ್ಪ ಬೇರೆಲ್ಲೋ ನೋಡಿದ. ಕೊನೆಯ ಸಾಲು ಹೀಗಿತ್ತು: "ಏಳೂವರೆಗೆ ಅವನು ನನ್ನನ್ನು ಮನೆಯ ಗೇಟಿನವರೆಗೆ ಕರೆತಂದನು. ನೀನು ಹೋಗು ಎಂದು ನಾನು ಹೇಳಿದರೂ ಹೋಗದೆ, ನನ್ನ ತಂದೆಯ ಎದುರು ನಿಂತು, ತಪ್ಪಾಯಿತು ಸಾರ್ ಎಂದನು. ನನ್ನ ತಂದೆ ಅವನ ಕೆನ್ನೆಗೆ ಹೊಡೆದರು. ಅವನು ನಿಂತೇ ಇದ್ದನು."

"ಇದನ್ನ ನೀವು ನಂಗೆ ಹೇಳ್ಲಿಲ್ವಲ್ಲ," ಎಂದಳು ಓದಕ್ಕ ಅಳಿಯನಿಗೆ.

"ಅದು ದೂರಿಗೆ ಬೇಕಾಗಿಲ್ಲ ಅತ್ತೆ."

"ಕದ್ದೋನು ಮಾಲನ್ನ ಮನೆ ಬಾಗಿಲಿಗೇ ತಂದು, ಏಟು ತಿನ್ನೋಕೆ ಕೆನ್ನೆ ಕೊಟ್ಟಿದ್ದನ್ನ ನಾನಂತೂ ಈ ಮೂವತ್ತೆಂಟು ವರ್ಷದಲ್ಲಿ ಟೈಪ್ ಮಾಡಿಲ್ಲ."

"ನಾನೇನು ಮಾಲಾ ಅಜ್ಜಿ?" ಎಂದಳು ಮೊಮ್ಮಗಳು, ಕಣ್ಣೊರೆಸಿಕೊಳ್ಳುತ್ತಲೇ. ಓದಕ್ಕನಿಗೆ ಆ ಹೊತ್ತಿನಲ್ಲೂ ನಗು ಬಂತು. ನನ್ನ ಮೊಮ್ಮಗಳೇ ಹೌದು ಎಂದುಕೊಂಡಳು.

ಅಳಿಯ ನಗಲಿಲ್ಲ. "ಪುಸಲಾಯಿಸಿ ಅನ್ನೋದೇ ಇಲ್ವಲ್ಲ ಇದರಲ್ಲಿ."

ಓದಕ್ಕ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟಳು. "ಕೇಳಿ ಅಳಿಯಂದ್ರೇ. ಇದರಲ್ಲಿ ಆ ಮಾತಿಲ್ಲ, ಯಾಕಂದ್ರೆ ಅದು ನಡೆದಿಲ್ಲ. ಆದ್ರೆ ಸುಳ್ಳು ಧೈರ್ಯ ನಿಮಗೂ ಬೇಡ, ಅವಳಿಗೂ ಬೇಡ. ಈ ಕಾಗದದಿಂದ್ಲೂ ಕೇಸಾಗತ್ತೆ. ಅವಳಿಗೆ ಹದಿನೆಂಟಾಗಿಲ್ಲ. ನೀವು ಒಪ್ಪಿರಲಿಲ್ಲ. ಅವನು ಜೊತೆಗಿದ್ದ. ಕಾನೂನಿಗೆ ಅಷ್ಟು ಸಾಕು. ಅವಳು ನಾನೇ ಹೋದೆ ಅಂತ ಎಷ್ಟು ಬಡ್ಕೊಂಡ್ರೂ ಕೇಳೋರಿಲ್ಲ. ಪರೀಕ್ಷೆಲಿ ಪಾಸಾಗಿದ್ರೂ ಆ ಕೆಲಸ ಅವನಿಗಿಲ್ಲ. ಆಮೇಲೆ ನಿಮಗೇ ಬೇಡ ಅನ್ಸಿದ್ರೂ ವಾಪಸ್ ತಗೊಳ್ಳೋದು ನಿಮ್ಮ ಕೈಲಿರಲ್ಲ. ಸಿಟ್ಟಲ್ಲಿ ಕುಯ್ದ ಮೂಗು ಶಾಂತವಾದ್ಮೇಲೆ ಬರಲ್ಲ. ಅವಳ ತಂದೆ ನೀವು. ಅಧಿಕಾರ ಕಾನೂನು ನಿಮಗೆ ಕೊಟ್ಟಿದೆ. ಏನ್ ಮಾಡ್ತೀರೋ ನೀವೇ ನೋಡಿ."

ಓದಕ್ಕನ ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದಳು. ಏನಾದರೂ ಮಾಡಮ್ಮ ಎಂದಿದ್ದಕ್ಕೆ ಅಮ್ಮ ಇಷ್ಟೇ ಮಾಡಿದ್ದು. ಇನ್ನೇನನ್ನೂ ಮಾಡಲು ಆಗದು ಎಂದು ಅವಳಿಗೆ ಅರ್ಥವಾಗುವಷ್ಟರಲ್ಲಿ ಗಂಡ ಕಾಗದವನ್ನು ಅಲ್ಲೇ ಬಿಟ್ಟು ಎದ್ದಿದ್ದ.

"ಐದು ಟೇಬಲ್ ಇದೆ ಇಲ್ಲಿ," ಎಂದ.

ಎದ್ದವನು ನೇರ ಪಕ್ಕದ ಟೇಬಲ್ಲಿಗೆ ಹೋದ. ಮಿಂಚಣ್ಣ ಇದ್ದಾನಲ್ಲ, ಕೇಳಿದ್ದನ್ನು ಕೇಳಿದ ಹಾಗೆ ಇಳಿಸಿಕೊಡುವ ಭೂಪ. ಅಳಿಯ ಹೇಳತೊಡಗಿದ. ಮಿಂಚಣ್ಣನ ಬೆರಳು ಓಡಿತು. ನಂಬಿಸಿ ಎಂದ, ಓಡಿತು. ಪುಸಲಾಯಿಸಿ ಎಂದ, ಓಡಿತು. ಅಳುತ್ತಾ ತಿಳಿಸಿರುತ್ತಾಳೆ ಎಂದ, ಅದೂ ಓಡಿತು. ಓದಕ್ಕ ಆ ಹಳೇ ಕಾಗದವಿದ್ದ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಸ್ಟೂಲಿನ ಮೇಲೆ ಮೊಮ್ಮಗಳು ಕೂತೇ ಇದ್ದಳು. ಇಪ್ಪತ್ತೆರಡು ವರ್ಷದ ಹಿಂದಿನ ಕಾಲು ಗಂಟೆ ಪಕ್ಕದ ಟೇಬಲ್ಲಿನಲ್ಲಿ ಹತ್ತು ನಿಮಿಷದಲ್ಲಿ ಮುಗಿಯಿತು. ಪ್ರಿಂಟರು ಕಾಗದ ಉಗುಳಿತು. ಅಳಿಯ ಜೇಬಿನಿಂದ ಪೆನ್ನು ತೆಗೆದು ಕೈ ಚಾಚಿದ.

ಮಿಂಚಣ್ಣ ಕಾಗದ ಕೊಡಲಿಲ್ಲ. "ಇರಿ ಸಾರ್. ಮಗಳು ತಿಳಿಸಿರುತ್ತಾಳೆ ಅಂತ ಇದೆಯಲ್ಲ. ಅವರು ಕೂತ್ಕೊಂಡು ಕೇಳ್ಬೇಕು. ಆಮೇಲೆ ಸಹಿ."

"ಏನ್ರೀ ನೀವೂ..."

"ಇಲ್ಲಿ ಐದು ಟೇಬಲಲ್ಲೂ ಹಾಗೇ ಸಾರ್. ಎಂಟು ವರ್ಷ ಆಯ್ತು." ಮಿಂಚಣ್ಣ ಓದಕ್ಕನ ಕಡೆ ನೋಡದೆ, ಕಿವಿ ಕೆರೆದುಕೊಂಡ. "ಇಂಥ ಕಾಗದ ಬಂದ್ರೆ ಅಕ್ಕ ಊಟಕ್ಕೆ ಹೋಗೋವರೆಗೂ ಕಾಯಿಸಿ, ಸ್ಟೂಲ್ ತಗೊಂಡ್ಬಂದು ಓದ್ತೀವಿ. ಗೊತ್ತಾದ್ರೆ ನಮ್ಮ ತಲೆ ಮೇಲೆ ಕೂರ್ತಾರೆ ಅಂತ ಹೇಳಿರ್ಲಿಲ್ಲ." ಆಮೇಲೆ ದನಿ ಎತ್ತಿ ಕರೆದ. "ಅಕ್ಕಾ, ಸ್ವಲ್ಪ ಸ್ಟೂಲ್ ಕೊಡ್ತೀರಾ?"

ಅಳಿಯ ಸಾಲನ್ನು ಆ ತುದಿಯಿಂದ ಈ ತುದಿಗೆ ನೋಡಿದ. ಒಂದನೆಯವನು ಹೌದು ಎನ್ನುವಂತೆ ತಲೆಯಾಡಿಸಿದ. ಐದನೆಯವನು ಟೈಪು ನಿಲ್ಲಿಸಿ ಕಾಯುತ್ತಿದ್ದ. ಓದಕ್ಕ ಸ್ಟೂಲಿನ ಗಿಡ್ಡ ಕಾಲನ್ನೇ ನೋಡುತ್ತಾ ಕೂತಳು. ಡಬ್ಬಿ ಇಡಲು ಎಂದು ಎಂಟು ವರ್ಷ ಬೈದಿದ್ದಳಲ್ಲ, ಆ ಬೈಗುಳವನ್ನೆಲ್ಲ ಇವರು ನಗುತ್ತಾ ತಿಂದಿದ್ದರು.

ಎದ್ದವಳು ಮೊಮ್ಮಗಳು. ತಾನು ಕೂತಿದ್ದ ಸ್ಟೂಲನ್ನು ತಾನೇ ಎತ್ತಿಕೊಂಡು ಹೋಗಿ, ಮಿಂಚಣ್ಣನ ಟೇಬಲ್ಲಿನ ಮುಂದೆ ಇಟ್ಟಳು. ಗಿಡ್ಡ ಕಾಲಿನ ಕೆಳಗೆ ರಟ್ಟು ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡಿದಳು. ಕೂತಳು. ಅಪ್ಪನ ಮುಖ ನೋಡಲಿಲ್ಲ, ಕಾಗದ ನೋಡಿದಳು.

ಮಿಂಚಣ್ಣ ಸಾಲಿನ ಕೆಳಗೆ ಬೆರಳಿಟ್ಟ. ಬೆರಳಿಡುವ ರೀತಿಯೂ ಓದಕ್ಕನದೇ. ಗಟ್ಟಿಯಾಗಿ ಓದಿದ. "ನಾನು ಸದರಿ ಹುಡುಗಿಯ ತಂದೆಯಾಗಿರುತ್ತೇನೆ."

"ನಿಲ್ಸಿ," ಎಂದ ಅಳಿಯ.

"ಯಾಕೆ ಸಾರ್? ತಪ್ಪಾಗಿದ್ಯಾ?"

"ಇಲ್ಲ." ಪೆನ್ನನ್ನು ಜೇಬಿಗೆ ಸಿಕ್ಕಿಸಲು ಅವನಿಗೆ ಎರಡು ಸಲ ಕೈ ತಪ್ಪಿತು. "ಅಷ್ಟು ಸರಿಯಾಗಿದೆ. ಮುಂದಿನದು ಬೇಡ."

ಹೆಂಡತಿ ಬಂದು ಅವನ ತೋಳು ಹಿಡಿದುಕೊಂಡಳು. ಮಗಳು ಸ್ಟೂಲಿನ ಮೇಲೆ ಕೂತಲ್ಲೇ "ಅಪ್ಪಾ, ಇನ್ಮೇಲೆ ಸುಳ್ಳು ಹೇಳಲ್ಲ," ಎಂದಳು. "ನಾನೂ ಮಾತು ಬಿಡಲ್ಲ," ಎಂದ ಅವನು. ಆಮೇಲೆ ತನ್ನ ಮೇಷ್ಟ್ರ ದನಿಯನ್ನು ಎಲ್ಲಿಂದಲೋ ಹುಡುಕಿ ತಂದುಕೊಂಡು, "ಆದ್ರೆ ಹದಿನೆಂಟಾಗೋವರೆಗೆ ಏನು ಮಾತಾಡೋದಿದ್ರೂ ನಮ್ಮನೆ ಜಗಲಿ ಮೇಲೆ, ನನ್ನ ಕಣ್ಣೆದುರಿಗೆ. ಅವನಿಗೂ ಹೇಳು," ಎಂದ. ಕಾಲು ಬ್ರೇಕಿನ ಮೇಲೇ ಇತ್ತು, ಒತ್ತಿರಲಿಲ್ಲ ಅಷ್ಟೇ.

ಹೋಗುವ ಮೊದಲು ಅವನು ಓದಕ್ಕನ ಟೇಬಲ್ಲಿಗೆ ಬಂದ. ಅವಳು ಟೈಪು ಮಾಡಿದ್ದ ಕಾಗದ ಅಲ್ಲೇ ಇತ್ತು. ಮಗಳ ಮಾತಿದ್ದ ಹಾಳೆಯನ್ನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ. "ಇದು ನನ್ ಹತ್ರ ಇರ್ಲಿ ಅತ್ತೆ," ಎಂದ. ಮೂವರೂ ಗೇಟು ದಾಟುವವರೆಗೆ ಅವಳು ನೋಡುತ್ತಾ ಕೂತಳು.

ಹನ್ನೊಂದೂವರೆಗೆ ಒಬ್ಬ ಮುದುಕ ಬಂದು ಓದಕ್ಕನ ಮುಂದೆ ನಿಂತ. ಅತ್ತಿತ್ತ ನೋಡಿ, "ಕೂರೋಕೆ ಸ್ಟೂಲ್ ಇರತ್ತೆ ಅಂದ್ರಲ್ಲಮ್ಮ," ಎಂದ. ಸ್ಟೂಲು ಮಿಂಚಣ್ಣನ ಟೇಬಲ್ಲಿನ ಮುಂದೆಯೇ ಇತ್ತು. ಅದರ ಮೇಲೆ ಯಾರೋ ಹೆಂಗಸು ಕೂತಿದ್ದಳು, ಮಿಂಚಣ್ಣ ನಾಚಿಕೆ ಬಿಟ್ಟು ಅವಳಿಗೆ ಓದಿ ಹೇಳುತ್ತಿದ್ದ. ಓದಕ್ಕ ಎದ್ದು, ಮುದುಕನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ತಾನು ನಿಂತುಕೊಂಡೇ ಟೈಪು ಮಾಡಿದಳು. ಆ ದಿನ ಸಂಜೆಯವರೆಗೂ ಅವಳು ಸ್ಟೂಲು ವಾಪಸ್ಸು ಕೇಳಲಿಲ್ಲ.